ಕಹ್ರಮಾನನ ಉಪ್ಪುಗಲ್ಲು

“ಈ ಕಲ್ಲಿನ ಉಪ್ಪು ತಿಂದವರೆಲ್ಲ ಒಂದೇ ಮನೆಯವರು. ಒಬ್ಬರ ಮೇಲೊಬ್ಬರು ಕೈ ಎತ್ತಕೂಡದು. ಎತ್ತಿದರೆ, ನಾನು ಬದುಕಿರಲಿ ಬಿಡಲಿ, ನಾನೇ ಬಂದು ಕೇಳ್ತೀನಿ.”

ಕುರಿಗಾಹಿ ಕಹ್ರಮಾನ್ ಹೀಗೆ ಮಾತು ಕೊಟ್ಟು ಐವತ್ತು ವರ್ಷಕ್ಕೂ ಮೇಲಾಯಿತು. ಕೊಟ್ಟದ್ದು ಮನುಷ್ಯರಿಗಲ್ಲ, ಶಿರ್ವಾನ್ ಬಯಲಿನ ಚಿಗರೆಗಳಿಗೆ. ಆ ಮಾತನ್ನು ಕೇಳಿಸಿಕೊಂಡ ಮನುಷ್ಯರೆಂದರೆ ಅವನ ಸೊಸೆ ಗುಲ್ಸಬಾ ಒಬ್ಬಳೇ. ಆಗ ಅವಳು ಮದುವೆಯಾಗಿ ಬಂದ ಹೊಸದು. ಈಗ ಅವಳ ಮೊಮ್ಮಗ ತಹ್ಮಾಸ್ ಅದೇ ಬಯಲಿನ ಚಿಗರೆಗಳನ್ನು ಬೇಟೆಗಾರರಿಂದ ಕಾಯಲು ಸರಕಾರ ನೇಮಿಸಿದ ಕಾವಲುಗಾರ.

ಆ ದಿನ ಬೆಳಗಿನಿಂದ ಬಯಲಿನ ಮೇಲೆ ಮಂಜು ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ಸಮುದ್ರದ ಕಡೆಯಿಂದ ಮಳೆ ಹಿಡಿಯಿತು. ಶಿರ್ವಾನಿಗೆ ಮಳೆ ಅಪರೂಪದ ನೆಂಟ. ಆದರೆ ಬಂದರೆ ಹೊರಡುವ ಮಾತೆತ್ತದ ನೆಂಟ. ಜೇಡಿಮಣ್ಣಿನ ದಾರಿ ನೋಡನೋಡುತ್ತ ಕಲಸಿದ ಹಿಟ್ಟಾಗುತ್ತದೆ, ಕುದುರೆಯ ಗೊರಸಿಗೆ ರೊಟ್ಟಿ ದಪ್ಪದ ಕೆಸರು ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ಆ ಮಂಜಿನೊಳಗೆ ತಹ್ಮಾಸ್ ಒಂದು ಗುಂಡಿನ ಸದ್ದು ಕೇಳಿದ್ದ. ಒಂದೇ ಒಂದು. ಮಂಜಿನಲ್ಲಿ ಸದ್ದಿಗೆ ದಿಕ್ಕಿರುವುದಿಲ್ಲ. ಕುದುರೆಯನ್ನು ಆ ಕಡೆ ಈ ಕಡೆ ತಿರುಗಿಸಿ ಸಾಕಾಗಿ, ಕೊನೆಗೆ ಚಿಗರೆಗಳು ನೆಕ್ಕಲು ಬರುವ ಉಪ್ಪುಗಲ್ಲಿನ ದಿಬ್ಬದ ಹತ್ತಿರ ಬಂದಾಗ ಅವನಿಗೆ ಕಂಡದ್ದು ಮಾಚಿಪತ್ರೆಯ ಗಿಡಗಳ ಮೇಲೆ ಹೆಪ್ಪುಗಟ್ಟಿದ ರಕ್ತ, ಕಾರಿನ ಗಾಲಿಯ ಗುರುತು. ಗುರುತಿನ ಹಿಂದೆ ಹೋಗೋಣವೆಂದರೆ ಮಳೆ ಬಂದು ಅದನ್ನೂ ಅಳಿಸಿತು. ಈ ಚಳಿಗಾಲದಲ್ಲಿ ಹೀಗೆ ಆಗುತ್ತಿರುವುದು ಇದು ಮೊದಲಲ್ಲ. ಗಬ್ಬದ ಹೆಣ್ಣು ಚಿಗರೆಗಳು ತಿರುಗಾಡುವ ಕಾಲ; ಒಂದು ಗುಂಡಿಗೆ ಎರಡು ಜೀವ, ಕೆಲವು ಸಲ ಮೂರು. ಇವತ್ತೂ ತಾನು ಬರಿಗೈಯಲ್ಲಿ ಹೋದರೆ ಆ ಬೇಟೆಗಾರರು ನಾಳೆಯೂ ಬರುತ್ತಾರೆ, ನಾಡಿದ್ದೂ ಬರುತ್ತಾರೆ ಎಂದು ಹಲ್ಲು ಕಚ್ಚಿಕೊಂಡೇ ಅವನು ಮನೆಯ ಕಡೆ ತಿರುಗಿದ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಅಂಗಳದಲ್ಲಿ ಒಂದು ಕಾರು ನಿಂತಿದೆ. ದೊಡ್ಡ ಗಾಲಿಯ, ಪಟ್ಟಣದ ಕಾರು. ಅದರ ಹಿಂಬಾಗಿಲ ಹತ್ತಿರ ಅವರ ಕುರಿನಾಯಿ ಬೋಜ್‌ದಾರ್ ಮಳೆಯಲ್ಲಿ ನೆನೆಯುತ್ತ ಕೂತಿದೆ. ಬೊಗಳುತ್ತಿಲ್ಲ. ಮೂಗೆತ್ತಿ ಸಣ್ಣಗೆ ಕುಂಯ್‌ಗುಡುತ್ತಿದೆ.

ತಹ್ಮಾಸನಿಗೆ ಎಲ್ಲ ಅರ್ಥವಾಯಿತು. ಅವನು ಕುದುರೆಯಿಂದ ಹಾರಿ ಒಳಗೆ ನುಗ್ಗಿದ. ನುಗ್ಗಿದವನು ಹೊಸಿಲಲ್ಲೇ ನಿಂತ. ಒಲೆಯ ಪಕ್ಕ ಒಬ್ಬ ಅಪರಿಚಿತ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಅವನ ಮುಂದೆ ಬಟ್ಟೆ ಹಾಸಿ, ಅದರ ಮೇಲೆ ತಂದೂರಿನ ರೊಟ್ಟಿ, ರೊಟ್ಟಿಯ ಪಕ್ಕ ಉಪ್ಪಿನ ಬಟ್ಟಲು. ರೊಟ್ಟಿ ಮುರಿದಾಗಿತ್ತು.

ಅಲ್ಲಿಗೆ ಮುಗಿಯಿತು. ಒಂದು ಮನೆಯ ರೊಟ್ಟಿಗೆ ಉಪ್ಪು ಹಚ್ಚಿ ತಿಂದವನ ಮೈಮುಟ್ಟುವ ಹಾಗಿಲ್ಲ, ಅವನ ಗಂಟು ಬಿಚ್ಚಿ ನೋಡುವ ಹಾಗಿಲ್ಲ. ಅಪ್ಪನನ್ನು ಕೊಂದವನಾದರೂ ಸರಿ, ಅವನು ಊರ ಗಡಿ ದಾಟುವವರೆಗೆ ಆ ಮನೆಯವನೇ.

“ಯಾಕಪ್ಪಾ ಬಾಗಿಲಲ್ಲಿ ಕಂಬ ಆದೆ? ಮಳೆ ನಿನ್ನ ಹಿಂದೇನೇ ಒಳಗೆ ಬರ್ತಿದೆ,” ಎಂದಳು ಗುಲ್ಸಬಾ ಅಜ್ಜಿ. “ಇವ್ರು ವಿದಾದಿ ಅಂತ. ಪಾಪ, ಕಾರು ಕೆಸರಲ್ಲಿ ಹೂತಿತ್ತು. ನಮ್ಮ ಹನ್‌ಮುರಾದ್ ಟ್ರ್ಯಾಕ್ಟರ್ ಕಟ್ಟಿ ಎಳ್ಕೊಂಡು ಬಂದ.”

ಹನ್‌ಮುರಾದ್ ಪಕ್ಕದ ದೊಡ್ಡಿಯ ಕುರಿಗಾಹಿ, ಗಂಡನ ಕಡೆಯಿಂದ ಅಜ್ಜಿ ಅವನಿಗೆ ದೊಡ್ಡಮ್ಮ. ಅರವತ್ತಾದರೂ ಬಾಯಿ ಮಾತ್ರ ಇಪ್ಪತ್ತರದು. ಚಹಾ ಹೀರುತ್ತ ಅವನು ತಹ್ಮಾಸನ ಕಡೆ ಕಣ್ಣು ಹೊಡೆದ.

“ಮೀನು ಹಿಡಿಯೋಕ್ ಬಂದಿದ್ರಂತೆ ಕಣೋ, ಅಳಿವೆಗೆ. ಮೀನೇನೋ ಸಿಗ್ಲಿಲ್ವಂತೆ. ಆದ್ರೂ ನಿಮ್ಮ ಬೋಜ್‌ದಾರನಿಗೆ ಆ ಕಾರು ಕಂಡ್ರೆ ಏನು ಪ್ರೀತಿ ಅಂತೀಯ!”

“ನಾಯಿಗಳಿಗೆ ನಾನಂದ್ರೆ ಇಷ್ಟ,” ಎಂದು ನಕ್ಕ ವಿದಾದಿ. ನಲವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ತಹ್ಮಾಸನ ಸಮವಸ್ತ್ರದ ಮೇಲೆ ಒಂದು ಸಲ ಕಣ್ಣಾಡಿಸಿ, ಮತ್ತೊಂದು ತುಂಡು ರೊಟ್ಟಿಯನ್ನು ಬೇಕೆಂದೇ ದೊಡ್ಡದಾಗಿ ಮುರಿದ. ತನ್ನ ಮುಂದೆ ಏನನ್ನು ಇಟ್ಟಿದ್ದಾರೆಂದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ತಹ್ಮಾಸ್ ಅಡುಗೆ ಮೂಲೆಗೆ ಹೋಗಿ ಬೂಟು ಬಿಚ್ಚತೊಡಗಿದ. ಹೆಂಡತಿ ಸಿಮುಜರ್ ಒಣ ಬಟ್ಟೆ ತಂದುಕೊಟ್ಟು, “ಅವನೇನಾ?” ಎಂದು ಕಣ್ಣಲ್ಲೇ ಕೇಳಿದಳು.

“ಇನ್ಯಾರು? ಹಿಂಬಾಗಿಲು ತೆಗೆದ್ರೆ ಸಾಕು. ಹೇಗೆ ತೆಗೀಲಿ? ಅಜ್ಜಿ ನನ್ನ ಕೈಗೆ ಹಗ್ಗ ಕಟ್ಟಿ ಕೂರಿಸಿದ್ದಾಳೆ. ದಾರಿ ಒಣಗಿದ ಕೂಡಲೇ ನಗ್ತಾ ನಗ್ತಾ ಹೋಗ್ತಾನೆ, ವಾರದೊಳಗೆ ಇನ್ನೊಂದಕ್ಕೆ ಬರ್ತಾನೆ.”

“ಮೆತ್ತಗೆ... ಏನಾದ್ರೂ ಸಿಕ್ತಾ?”

“ರಕ್ತ. ಮತ್ತೆ ಉಪ್ಪುಗಲ್ಲಿನ ಹತ್ತಿರ ಒಂದಿಷ್ಟು ಕೋಳಿಮೊಟ್ಟೆ ಸಿಪ್ಪೆ. ಕೂತು ತಿಂಡಿ ತಿಂದಿದ್ದಾನೆ ಮಹಾರಾಯ. ಕಲ್ಲಿನ ಮೂಲೆ ಬೇರೆ ಚಾಕುವಿನಲ್ಲಿ ಕೆತ್ತಿದ್ದಾನೆ.”

ಅಜ್ಜಿಯ ಕಿವಿ ಮಂದ ಎಂದು ಮನೆಯವರೆಲ್ಲ ತಿಳಿದಿದ್ದರು. ಆದರೆ ಕೊನೆಯ ಮಾತಿಗೆ ಅವಳ ಕೈಯಲ್ಲಿದ್ದ ಸೌಟು ಒಂದು ಗಳಿಗೆ ನಿಂತು, ಮತ್ತೆ ಪಾತ್ರೆಯಲ್ಲಿ ತಿರುಗಿತು.

ಮೊಸರಿನ ಬಿಸಿಸಾರನ್ನು ಎಲ್ಲರಿಗೂ ಬಡಿಸಿದ್ದಾಯಿತು. ವಿದಾದಿ ಒಂದು ಚಮಚ ಬಾಯಿಗಿಟ್ಟು, ಉಪ್ಪಿನ ಬಟ್ಟಲಿಗೆ ಕೈ ಹಾಕಿದ. ಕಲಸಿ ಇನ್ನೊಂದು ಚಮಚ ತಿಂದ. ಮತ್ತೆ ಉಪ್ಪು ಹಾಕಿಕೊಂಡ.

“ತಪ್ಪು ತಿಳೀಬೇಡಿ ಅಜ್ಜಿ, ನನಗೆ ಸ್ವಲ್ಪ ಉಪ್ಪು ಮುಂದಾಗಿರಬೇಕು.”

“ಹಾಕ್ಕೋ ಮಗಾ, ಹಾಕ್ಕೋ. ಉಪ್ಪಿಗೇನು ಬರ ಇಲ್ಲಿ? ನೆಲವೇ ಉಪ್ಪು, ಗಾಳಿಯೇ ಉಪ್ಪು.”

“ನಮ್ಮ ದೊಡ್ಡಮ್ಮನ ಕೈ ಉಪ್ಪಿಗೇ ನಮ್ಮ ದೊಡ್ಡಪ್ಪ ನೀರು ಕುಡಿದು ಕುಡಿದು ಸತ್ತಿದ್ದು,” ಎಂದ ಹನ್‌ಮುರಾದ್. “ನಿಮಗೆ ಅದೂ ಸಾಲದು ಅಂದ್ರೆ ನೀವು ಗಟ್ಟಿ ಮನುಷ್ಯರು ಬಿಡಿ.”

“ನಿನ್ನ ನಾಲಿಗೆಗೆ ಉಪ್ಪು ಹಚ್ಚಿ ಒಣಗಿಸ್ಬೇಕಿತ್ತು, ನಿಮ್ಮಮ್ಮ ಮರೆತ್ಲು,” ಎಂದಳು ಅಜ್ಜಿ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ಈ ಮಳೆ ಬಿಡೋ ಹಾಗೆ ಕಾಣಲ್ಲ. ಎಲ್ಲರೂ ಒಲೆ ಹತ್ತಿರ ಬನ್ನಿ. ಸಿಮುಜರ್, ನೀನೂ ಬಾ, ಪಾತ್ರೆ ಎಲ್ಲೂ ಓಡಿಹೋಗಲ್ಲ. ತಹ್ಮಾಸ್, ಮುಖ ಗಂಟು ಹಾಕ್ಕೊಂಡು ಅಲ್ಲೇ ನಿಲ್ಲಬೇಡ. ನಿಮ್ಮ ಮುತ್ತಜ್ಜ ಕಹ್ರಮಾನನ ಕತೆ ಹೇಳ್ತೀನಿ,” ಎಂದಳು.

“ಹೆದರಿಸೋ ಕತೆನಾ ಅಜ್ಜಿ?” ಎಂದ ವಿದಾದಿ.

“ಹೆದರೋದು ಬಿಡೋದು ಕೇಳೋರಿಗೆ ಬಿಟ್ಟಿದ್ದು, ಮಗಾ. ನಾನು ನಡೆದದ್ದು ಹೇಳೋಳು.”

ಮಳೆ ತಗಡಿನ ಮಾಡಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಬಾಗಿಲ ಪಕ್ಕದ ಗೂಟಕ್ಕೆ ಹಳೆಯ ಕರಿಕಂಬಳಿಯೊಂದು ನೇತಾಡುತ್ತಿತ್ತು. ಹೆಗಲಿಂದ ಪಾದದವರೆಗೆ ಬರುವ, ಕುರಿಗಾಹಿಗಳು ಹೊದೆಯುವ ದಪ್ಪ ಉಣ್ಣೆಯದು. ಅಜ್ಜಿ ಅದರ ಕಡೆ ಒಮ್ಮೆ ನೋಡಿ, ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಶುರುಮಾಡಿದಳು.

“ಕೇಳ್ರಪ್ಪಾ... ನಾನು ಮದುವೆಯಾಗಿ ಬಂದ ವರ್ಷ ಬಿದ್ದಂಥ ಹಿಮ ಅದಕ್ಕೆ ಮುಂಚೆ ನಾನು ಕಂಡಿಲ್ಲ, ಆಮೇಲೂ ಕಂಡಿಲ್ಲ. ಸಮುದ್ರದ ಅಂಚು ಗಾಜಿನ ಹಾಗೆ ಗಟ್ಟಿಯಾಗಿತ್ತು. ಬಯಲಲ್ಲಿ ಹುಲ್ಲಿನ ಒಂದು ಎಸಳು ಕಾಣ್ತಿರ್ಲಿಲ್ಲ, ಎಲ್ಲ ಬಿಳೀ, ಎಲ್ಲಿ ನೋಡಿದ್ರೂ ಬಿಳೀ... ಒಂದು ಬೆಳಿಗ್ಗೆ ಹೋಗಿ ಕುರಿದೊಡ್ಡಿ ಬಾಗಿಲು ತೆಗೀತೀನಿ, ಕುರಿಗಳ ಮಧ್ಯೆ ಏನು ನೋಡ್ತೀನಿ? ಚಿಗರೆಗಳು! ಬೇಲಿ ಹಾರಿ ಬಂದು, ನಮ್ಮ ಕುರಿಗಳ ಹೊಟ್ಟೆಗೆ ಹೊಟ್ಟೆ ಒತ್ತಿಕೊಂಡು ನಿಂತಿದಾವೆ. ನನ್ನ ನೋಡಿದ್ರೂ ಓಡ್ಲಿಲ್ಲ. ಓಡೋಕೆ ಕಾಲಲ್ಲಿ ಜೀವ ಎಲ್ಲಿತ್ತು? ನಾನು ‘ಮಾವಾ!’ ಅಂತ ಕೂಗಿದೆ. ಮಾವ ಬಂದ್ರು, ನೋಡಿದ್ರು. ಮನೇಲಿ ಆಗ ನಮಗೇ ತಿನ್ನೋಕೆ ಗತಿ ಇರ್ಲಿಲ್ಲ ಕಣ್ರಪ್ಪಾ. ಮಾಂಸ ತಾನಾಗೇ ನಡ್ಕೊಂಡು ದೊಡ್ಡಿಗೆ ಬಂದಿದೆ. ಬೇರೆ ಯಾರಾಗಿದ್ರೆ ಏನು ಮಾಡ್ತಿದ್ರು, ನೀವೇ ಹೇಳಿ?

“ಮಾವ ಹುಲ್ಲು ಹಾಕಿದ್ರು. ಕುರಿಗಳಿಗೆ ಅಂತ ಇಟ್ಟಿದ್ದ ಉಪ್ಪಿನ ದೊಡ್ಡ ಕಲ್ಲು ಹೊರಳಿಸ್ಕೊಂಡು ಬಂದು ನಡುವೆ ಇಟ್ರು. ಚಿಗರೆ ನೆಕ್ಕಿತು, ಕುರಿ ನೆಕ್ಕಿತು. ಮಾವ ಬೆರಳಲ್ಲಿ ಸವರಿ ತಾವೂ ನೆಕ್ಕಿದ್ರು. ನೆಕ್ಕಿ ಆ ಮಾತು ಆಡಿದ್ರು... ಉಪ್ಪು ತಿಂದೋರೆಲ್ಲ ಒಂದೇ ಮನೆಯವರು, ಕೈ ಎತ್ತಿದೋರನ್ನ ನಾನೇ ಬಂದು ಕೇಳ್ತೀನಿ ಅಂತ. ನಾನು ಸೆರಗು ಅಡ್ಡ ಹಿಡಿದು ನಕ್ಕೆ. ಮುದುಕರಿಗೆ ಚಳಿ ತಲೆಗೇರಿದೆ ಅಂದ್ಕೊಂಡೆ. ಹಿಮ ಕರಗಿದ ಮೇಲೆ ಆ ಕಲ್ಲನ್ನ ಒಯ್ದು ದಿಬ್ಬದ ಮೇಲೆ ಇಟ್ರು. ಸವೆದ ಹಾಗೆ ಹೊಸದು ಇಡ್ತಾ ಹೋದ್ರು. ಅವರು ಹೋದ ಮೇಲೆ ನಾವು ಇಡ್ತಿದೀವಿ.

“ಮಾವ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಮೇಲಿನೂರಲ್ಲಿ ಇಸ್ಫಂದಿಯಾರ್ ಅಂತ ಒಬ್ಬ ಇದ್ದ. ಹನ್‌ಮುರಾದ್, ನಿನಗೆ ನೆನಪಿರ್ಬೇಕು.”

“ಇಲ್ದೆ ಏನು,” ಎಂದ ಹನ್‌ಮುರಾದ್. ಈ ಸಲ ಅವನು ನಗಲಿಲ್ಲ.

“ಬಂದೂಕು ಹಿಡಿದ್ರೆ ಹಾರೋ ನೊಣದ ಕಣ್ಣಿಗೆ ಹೊಡೀತೀನಿ ಅನ್ನೋನು. ಕೆಟ್ಟವನಲ್ಲ ಕಣ್ರಪ್ಪಾ... ಶೋಕಿ. ಒಂದು ಬೆಳಿಗ್ಗೆ, ಇವತ್ತಿನ ಹಾಗೇ ಮಂಜು. ಉಪ್ಪು ನೆಕ್ಕೋಕೆ ಚಿಗರೆ ಬಂದೇ ಬರ್ತಾವೆ ಅಂತ ದಿಬ್ಬದ ಹಿಂದೆ ಹೊಂಚು ಹಾಕ್ಕೊಂಡು ಕೂತ. ಕೂತು ಕೂತು ಹಸಿವಾಯ್ತು. ಬುತ್ತಿ ಬಿಚ್ಚಿದ್ರೆ ಹೆಂಡತಿ ಉಪ್ಪು ಕಟ್ಟೋದು ಮರೆತಿದ್ಲು. ಮರೆತ್ರೇನು? ಕಲ್ಲು ಅಲ್ಲೇ ಇದೆಯಲ್ಲ! ಚಾಕು ತೆಗೆದು ಒಂದು ಚೂರು ಕೆತ್ತಿದ. ರೊಟ್ಟಿ ಮೇಲೆ ಉದುರಿಸ್ಕೊಂಡು ತಿಂದ.”

ವಿದಾದಿಯ ಚಮಚ ಬಟ್ಟಲಿಗೆ ತಾಗಿ ಟಣ್ ಎಂದಿತು. ತಹ್ಮಾಸ್ ಅಜ್ಜಿಯನ್ನು ನೋಡಿದ. ಅವಳು ಯಾರ ಕಡೆಯೂ ನೋಡದೆ ಒಲೆಯ ಕಿಂಡಿಯಲ್ಲಿ ಕಾಣುವ ಬೆಂಕಿಯನ್ನೇ ನೋಡುತ್ತಿದ್ದಳು.

“ತಿಂದು ಮುಗಿಸೋದಕ್ಕೂ ಮಂಜಿನಿಂದ ಚಿಗರೆಗಳು ಬರೋದಕ್ಕೂ ಸರಿಹೋಯ್ತು. ಒಂದರ ಹಿಂದೆ ಒಂದು, ಸಾಲಾಗಿ... ಮನೆಗೆ ಬರೋ ಕುರಿಗಳ ಹಾಗೆ. ಚಿಗರೆ ಎಲ್ಲಾದ್ರೂ ಹಾಗೆ ನಡೆಯುತ್ತಾ? ಅವುಗಳ ಹಿಂದೆ ಕಂಬಳಿ ಹೊದ್ದ ಒಬ್ಬ ಮುದುಕ ಬರ್ತಿದ್ದ. ಯಾರೋ ಕುರಿಗಾಹಿ, ದಾರಿ ತಪ್ಪಿದಾನೆ ಅಂದ್ಕೊಂಡ ಇಸ್ಫಂದಿಯಾರ್. ಮುದುಕ ಹತ್ತಿರ ಬಂದು ನಿಂತ. ‘ತಿಂದೆಯಾ ಮಗಾ?’ ಅಂದ. ‘ತಿಂದೆ ಅಜ್ಜ’ ಅಂದ ಇವನು. ‘ಉಪ್ಪು ಹಿಡೀತಾ?’ ‘ಹಿಡೀತು ಅಜ್ಜ.’ ‘ಹಾಗಾದ್ರೆ ಬಂದೂಕು ಇಳಿಸು, ಮನೆಗೆ ಹೋಗು’ ಅಂತ ಹೇಳಿ ಮುದುಕ ಚಿಗರೆಗಳ ಹಿಂದೇನೇ ಮಂಜಿನೊಳಗೆ ನಡೆದ. ಎಷ್ಟು ಮೆತ್ತಗೆ ಹೇಳಿದ ಅಂದ್ರೆ, ಬೈದಿದ್ರೆ ನಾನು ಎದ್ದು ಹೋಗ್ತಿದ್ದೆನೇನೋ ಅಂತ ಇಸ್ಫಂದಿಯಾರ್ ಆಮೇಲೆ ಎಷ್ಟೋ ಸಲ ಹೇಳಿದಾನೆ... ಇದೇ ಒಲೆ ಮುಂದೆ ಕೂತು. ಮೆತ್ತಗಿನ ಮಾತಿಗೆ ಯಾರು ಬೆಲೆ ಕೊಡ್ತಾರೆ? ಸಾಲಿನ ಕೊನೇ ಹೆಣ್ಣಿಗೆ ಗುರಿಯಿಟ್ಟ, ಹೊಡೆದ.

“ಬಿತ್ತು. ಹತ್ತಿರ ಹೋಗಿ ನೋಡ್ತಾನೆ... ಸತ್ತ ಚಿಗರೆ ಮೇಲೆ ಕಂಬಳಿ ಹೊದಿಸಿದೆ. ಚಳೀಲಿ ಹುಟ್ಟಿದ ಕುರಿಮರಿಗೆ ನಾವು ಹೊದಿಸ್ತೀವಲ್ಲ, ಹಾಗೆ, ಕುತ್ತಿಗೆವರೆಗೆ. ಸುತ್ತ ಹುಡುಕಿದ. ಗೊರಸಿನ ಗುರುತು ಬಿಟ್ರೆ ಮನುಷ್ಯನ ಹೆಜ್ಜೆ ಒಂದೂ ಇಲ್ಲ. ಕಂಬಳಿ ಅಲ್ಲೇ ಎಸೆದು, ಚಿಗರೆ ಹೊತ್ಕೊಂಡು ಮನೆಗೆ ಹೋದ.

“ಅವತ್ತು ಮನೇಲಿ ಅಡುಗೆ ಮಾಡಿದ್ರು. ಒಂದು ತುತ್ತು ಬಾಯಿಗಿಟ್ಟು ‘ಉಪ್ಪೇ ಹಾಕಿಲ್ವಲ್ಲೇ’ ಅಂದ. ಹಾಕಿದೀನಿ ಅಂದ್ಲು ಹೆಂಡತಿ. ಮತ್ತೆ ಹಾಕ್ಸಿಕೊಂಡ. ಮತ್ತೂ ಹಾಕ್ಸಿಕೊಂಡ. ಮಕ್ಕಳು ಬಾಯಿಗೆ ಹಾಕಿ ಉಗುಳಿಬಿಟ್ಟವು, ಅಷ್ಟು ಉಪ್ಪು! ಇವನಿಗೆ ಮಾತ್ರ ಸಪ್ಪೆ. ಮಾರನೇ ದಿನವೂ ಸಪ್ಪೆ. ಖಾರ ಗೊತ್ತಾಗ್ತಿತ್ತು, ಹುಳಿ ಗೊತ್ತಾಗ್ತಿತ್ತು. ಉಪ್ಪು ಒಂದು ಮಾತ್ರ ಅವನ ನಾಲಿಗೆ ಬಿಟ್ಟು ಹೋಗಿತ್ತು. ಸಾಲ್ಯಾನ್ ಪಟ್ಟಣದ ಡಾಕ್ಟರಿಗೆ ತೋರಿಸಿದ. ಅವರು ನಾಲಿಗೆ ಹೊರಗೆ ಹಾಕ್ಸಿ ನೋಡಿ, ಏನೂ ಆಗಿಲ್ಲ ಹೋಗು ಅಂದ್ರು. ಒಂದಿನ ನಾನೇ ಕಣ್ಣಾರೆ ಕಂಡೆ... ಸಮುದ್ರದ ದಂಡೇಲಿ ಮಂಡಿಯೂರಿ, ಬೊಗಸೇಲಿ ನೀರು ಮೊಗೆದು ಕುಡೀತಿದ್ದ. ನನ್ನ ನೋಡಿ ‘ಅತ್ತಿಗೆ, ಇದು ಉಪ್ಪಾ?’ ಅಂತ ಕೇಳ್ದ. ಏನು ಹೇಳ್ಲಿ ನಾನು?

“ಅಡುಗೆ ಸಪ್ಪೆ ಆದ್ರೆ ಆಗ್ಲಿ, ಅದೇನು ದೊಡ್ಡದು ಅಂತೀರಾ? ಕೇಳಿ. ಮಗಳಿಗೆ ಗಂಡು ಗೊತ್ತಾಯ್ತು. ಬೀಗರು ಬಂದು ಕೂತ್ರು. ನಡುವೆ ರೊಟ್ಟಿ ಉಪ್ಪು ಇಟ್ರು. ಎಲ್ಲರೂ ತಿಂದ್ರು, ಇವನ ಸರದಿ ಬಂತು. ರೊಟ್ಟಿ ಕೈಯಲ್ಲಿ ಹಿಡಿದು ಕೂತ್ಬಿಟ್ಟ... ಗೊತ್ತಾಗದ ಉಪ್ಪಿನ ಮೇಲೆ ಯಾವ ಬಾಯಲ್ಲಿ ಸಂಬಂಧ ಮಾಡ್ಲಿ ಅಂತ. ಅತ್ತ. ಕಣ್ಣೀರು ಇಳಿದು ತುಟಿಗೆ ಬಂತು. ಅದಕ್ಕೂ ಉಪ್ಪಿರ್ಲಿಲ್ಲವಂತೆ. ಅವತ್ತಿಂದ ಅವನನ್ನ ಯಾರ ಮನೆಯವರೂ ನಮ್ಮೋನು ಅನ್ಲಿಲ್ಲ, ಅವನೂ ಅನ್ನಿಸ್ಕೊಳ್ಳೋಕೆ ಹೋಗ್ಲಿಲ್ಲ. ಊರಲ್ಲೇ ಇದ್ದೂ ಊರಿಲ್ಲದೋನ ಹಾಗೆ ಬದುಕಿ ಹೋದ.

“ಅವನು ಎಸೆದು ಹೋದ ಕಂಬಳೀನ ಯಾರೂ ತರ್ಲಿಲ್ಲ. ತರೋ ಅಗತ್ಯ ಇರ್ಲಿಲ್ಲ. ಅದು ಆ ಬೆಳಿಗ್ಗೆಯೂ ಈ ಗೂಟದ ಮೇಲೇ ಇತ್ತು... ಮಾವ ತೀರಿಕೊಂಡಾಗಿನಿಂದ ಇದ್ದ ಹಾಗೆ. ಅಂಚು ಮಾತ್ರ ಒದ್ದೆಯಾಗಿತ್ತು. ಮಾಚಿಪತ್ರೆ ಬೀಜ ಅಂಟಿಕೊಂಡಿದ್ವು. ಯಾಕೆ ಒದ್ದೆಯಾಯ್ತು ಅಂತ ನನಗೆ ತಿಳಿದದ್ದು ಇಸ್ಫಂದಿಯಾರ್ ಬಂದು ಹೇಳಿದ ಮೇಲೆ.”

ಅಜ್ಜಿ ತಣ್ಣಗಾದ ಚಹಾ ಕುಡಿದು ಲೋಟ ಕೆಳಗಿಟ್ಟಳು. ಹೊರಗೆ ಮಳೆಯ ಸದ್ದು ಇಳಿದಿತ್ತು.

ವಿದಾದಿ ಉಪ್ಪಿನ ಬಟ್ಟಲನ್ನು ನೋಡುತ್ತಿದ್ದ. ಯಾರೂ ತನ್ನ ಕಡೆ ನೋಡುತ್ತಿಲ್ಲ ಅಂದುಕೊಂಡನೋ ಏನೋ, ಒಂದು ಬೆರಳನ್ನು ಉಪ್ಪಿಗೆ ಒತ್ತಿ ನಾಲಿಗೆಗೆ ಇಟ್ಟುಕೊಂಡ. ಇನ್ನೊಮ್ಮೆ ಇಟ್ಟುಕೊಂಡ. ಆಮೇಲೆ ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡು, ಸಕ್ಕರೆ ಮೆಲ್ಲುವ ಮಗುವಿನ ಹಾಗೆ ನಿಧಾನವಾಗಿ ಅಗಿದ. ಅವನ ಮುಖದಲ್ಲಿ ಒಂದು ಸುಕ್ಕೂ ಮೂಡಲಿಲ್ಲ. ಸಿಮುಜರ್ ಬಾಯಿಗೆ ಸೆರಗು ಒತ್ತಿಕೊಂಡಳು.

“ಉಪ್ಪು ಹಿಡೀತಾ ಮಗಾ?” ಎಂದಳು ಅಜ್ಜಿ, ತುಂಬ ಮೆತ್ತಗೆ.

ಅವನು ಇಲ್ಲವೆಂದು ತಲೆಯಾಡಿಸಿದ.

“ಬೆಳಿಗ್ಗೆ ಮೊಟ್ಟೆ ಜೊತೆ ತಿಂದಾಗ ಹಿಡಿದಿತ್ತು... ಅಲ್ಲಿ ಒಬ್ರು ಅಜ್ಜ ಬಂದಿದ್ರು. ನಿಮ್ಮೋರೇ ಯಾರೋ ಅಂದ್ಕೊಂಡೆ. ಎಡಗೈಯಲ್ಲಿ ಕೋಲು ಹಿಡಿದಿದ್ರು. ಬಲಗೈಯಲ್ಲಿ ಬೆರಳೇ ಇರ್ಲಿಲ್ಲ.”

ಹನ್‌ಮುರಾದನ ಲೋಟ ತುಟಿಯ ಹತ್ತಿರವೇ ನಿಂತಿತು.

“ಆ ಹಿಮದ ವರ್ಷ ಚಳಿಗೆ ಹೋದ ಮಾವನ ಬೆರಳುಗಳು ಅವು,” ಎಂದಳು ಅಜ್ಜಿ. “ಅದನ್ನ ನಾನು ಕತೆಯಲ್ಲಿ ಹೇಳಿರ್ಲಿಲ್ಲ.” ಆಮೇಲೆ ಮೊಮ್ಮಗನ ಕಡೆ ತಿರುಗಿದಳು. “ತಹ್ಮಾಸ್, ನಿನ್ನ ಕೈಗೆ ನಾನು ಕಟ್ಟಿದ ಹಗ್ಗ ಇಲ್ಲ ಕಣೋ. ರೊಟ್ಟಿ ಕೊಟ್ಟೆ, ಉಪ್ಪು ಕೊಟ್ಟೆ. ರೊಟ್ಟಿ ಹೊಟ್ಟೆಗೆ ಹೋಗಿರಬಹುದು, ಉಪ್ಪು ಅವನಿಗೆ ಮುಟ್ಟಲೇ ಇಲ್ಲ. ಈ ಮನೆಯ ಉಪ್ಪು ಅವನು ತಿಂದಿಲ್ಲ. ಹೋಗು, ನಿನ್ನ ಕೆಲಸ ಮಾಡು.”

ವಿದಾದಿ ಜೇಬಿನಿಂದ ಕಾರಿನ ಕೀಲಿಕೈ ತೆಗೆದು ರೊಟ್ಟಿಯ ಪಕ್ಕ ಇಟ್ಟ.

“ಹಿಂದುಗಡೆ ತಾಡಪಾಲಿನ ಕೆಳಗಿದೆ. ಬಂದೂಕೂ ಅಲ್ಲೇ ಇದೆ.”

“ಹೆಣ್ಣಾ?” ಎಂದು ಕೇಳಿದ ತಹ್ಮಾಸ್.

“ಹೆಣ್ಣು.” ತಲೆ ಬಗ್ಗಿಸಿಕೊಂಡೇ ಅವನು ಅಜ್ಜಿಯನ್ನು ಕೇಳಿದ, “ಇದು ವಾಪಸ್ ಬರುತ್ತಾ ಅಜ್ಜಿ? ಏನಾದ್ರೂ ಮಾಡಿದ್ರೆ?”

“ಇಸ್ಫಂದಿಯಾರ್ ಸಾಯೋವರೆಗೂ ಪ್ರತಿ ಚಳಿಗಾಲ ಒಂದು ಹೊಸ ಉಪ್ಪುಗಲ್ಲು ಬೆನ್ನ ಮೇಲೆ ಹೊತ್ತು ತಂದು ದಿಬ್ಬದ ಮೇಲೆ ಇಡ್ತಿದ್ದ. ಅವನಿಗೆ ಬರ್ಲಿಲ್ಲ. ನಿನಗೆ ಏನಾಗುತ್ತೋ, ನೀನು ಇಟ್ಟು ನೋಡ್ಬೇಕು.”

ತಹ್ಮಾಸ್ ಕೀಲಿಕೈ ತೆಗೆದುಕೊಂಡು ಎದ್ದ. “ಹೊರಗೆ ಇನ್ನೂ ಹನೀತಿದೆ, ಕಂಬಳಿ ಹೊದ್ಕೊಂಡು ಹೋಗು,” ಎಂದಳು ಅಜ್ಜಿ.

ಅವನು ಗೂಟಕ್ಕೆ ಕೈ ಚಾಚಿದ. ವರ್ಷಗಳಿಂದ ಯಾರೂ ಕೆಳಗಿಳಿಸದ ಆ ಕಂಬಳಿ ಕಲ್ಲಿನಷ್ಟು ಭಾರವಾಗಿತ್ತು, ತಣ್ಣಗಿತ್ತು. ಹಿಂಡಿದರೆ ನೀರಿಳಿಯುವಷ್ಟು ನೆಂದಿತ್ತು. ಅಂಚಿನ ತುಂಬ ಮಾಚಿಪತ್ರೆಯ ಬೀಜ, ಎದೆಯ ಹತ್ತಿರ ರಕ್ತದ ಕಲೆ.

“ಅಜ್ಜಿ... ಇದು ಒದ್ದೆಯಾಗಿದೆ.”

“ಬೆಳಿಗ್ಗೆಯಿಂದಲೂ ಒದ್ದೆಯೇ,” ಎಂದಳು ಗುಲ್ಸಬಾ ಅಜ್ಜಿ, ಒಲೆಗೆ ಇನ್ನೊಂದು ಸೌದೆ ತುರುಕುತ್ತ. “ಒಲೆ ಹತ್ತಿರ ಹರವು. ಬೇಗ ಒಣಗಲಿ. ನಾಳೆಯೂ ಮಂಜು ಬೀಳುತ್ತೆ.”

ಕಹ್ರಮಾನ್ ಕೊಟ್ಟ ಮಾತು ಉಳಿಸಿಕೊಂಡಿದ್ದ.